ಆಟೋಕ್ಯಾಡ್‌ನಲ್ಲಿ ಬಾಗಿಲು, ಕಿಟಕಿಯ ಬ್ಲಾಕ್ ಮತ್ತು ಟ್ಯಾಗ್: ಮೊದಲು ಪಟ್ಟಿ, ಆಮೇಲೆ ಗೆರೆ

ನಕ್ಷೆಯಲ್ಲಿ ಒಂದು ಬಾಗಿಲಿಗೆ ಡಿ2 ಎಂದು ಬರೆದಿದೆ. ಅಗಲ ಅಳೆದು ನೋಡಿದರೆ 900 ಮಿಮೀ. ಪಕ್ಕದ ಪಟ್ಟಿಯಲ್ಲಿ ಡಿ2ಕ್ಕೆ 750. ಬಡಗಿ ಯಾವುದನ್ನು ನಂಬಬೇಕು? ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಮನೆಗೆ ಹೀಗೇ ಆಯಿತು. ಬಚ್ಚಲುಮನೆಗೆಂದು 900ರ ಚೌಕಟ್ಟು ಬಂದಿಳಿಯಿತು, ಗೋಡೆ ಮಾತ್ರ ಆಗಲೇ 750 ಬಿಟ್ಟು ಎದ್ದು ನಿಂತಿತ್ತು. ಮೇಸ್ತ್ರಿ ಗೋಡೆ ಒಡೆದು ಹೊಂದಿಸಿಕೊಟ್ಟ. ತಪ್ಪು ನಮ್ಮ ನಕ್ಷೆಯದೇ ಆಗಿತ್ತು.

ಹೊಸದಾಗಿ ಬ್ಲಾಕ್ (ಒಮ್ಮೆ ಬಿಡಿಸಿ ಬೇಕಾದಲ್ಲೆಲ್ಲ ಇಡುವ ಚಿಹ್ನೆ) ಮಾಡುವವರು ನನ್ನ ಬಳಿ ತರುವ ದೂರುಗಳು ನಾಲ್ಕೈದೇ: ಬ್ಲಾಕ್ ಇಪ್ಪತ್ತೈದು ಪಟ್ಟು ದೊಡ್ಡದಾಗಿ ಬಂತು, ಅಕ್ಷರ ತಿರುಗುಮುರುಗಾಯಿತು, ಕದ ಹಿಗ್ಗಿತು ಆದರೆ ಕಾಲುವೃತ್ತ ಹಿಗ್ಗಲಿಲ್ಲ, ಎಣಿಕೆ ತಾಳೆಯಾಗುತ್ತಿಲ್ಲ. ಇವೆಲ್ಲಕ್ಕೂ ಬೇರು ಹೆಚ್ಚಾಗಿ ಒಂದೇ. ಎಲ್ಲರೂ ಗೆರೆ ಎಳೆಯುವುದರಿಂದ ಶುರು ಮಾಡುತ್ತಾರೆ, ಟ್ಯಾಗನ್ನು, ಅಂದರೆ ಡಿ2ನಂಥ ಗುರುತನ್ನು, ಕೊನೆಗೆ ಬಿಡಿ ಅಕ್ಷರವಾಗಿ ಅಂಟಿಸುತ್ತಾರೆ. ಗುರುತು ಮತ್ತು ಅಳತೆ ಒಂದೇ ಬ್ಲಾಕಿನೊಳಗೆ, ಒಂದೇ ಸಾಲಿನಲ್ಲಿ ಕೂತಿರಬೇಕು. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗಬೇಕು. ಕೆಳಗಿನ ಹಂತಗಳ ಕ್ರಮ ಇದಕ್ಕಾಗಿಯೇ ಹೀಗಿದೆ, ಹಿಂದುಮುಂದು ಮಾಡಬೇಡಿ.

## ಬೇಕಾದ ಸಾಮಾನು

ಪೂರ್ಣ ಆಟೋಕ್ಯಾಡ್ ಬೇಕು. ಎಲ್‌ಟಿ ಆವೃತ್ತಿಯಲ್ಲಿ ಕೊನೆಯ ಹಂತದ ಡೇಟಾ ಎಕ್ಸ್‌ಟ್ರಾಕ್ಷನ್ (ನಕ್ಷೆಯಿಂದ ಪಟ್ಟಿ ತೆಗೆಯುವ ಸೌಲಭ್ಯ) ಸಿಗದು. ಒಂದು ಖಾಲಿ ಫೈಲು, ಕಾಗದ, ಪೆನ್ಸಿಲ್ ಮತ್ತು ಮೊದಲ ಸಲ ಮಾಡುವವರಿಗೆ ಅರ್ಧ ದಿನದ ಪುರುಸೊತ್ತು. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕಮಾಂಡ್ ಲೈನ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

## 1. ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ

ಕೊನೆಗೆ ನಕ್ಷೆಯ ಮೂಲೆಯಲ್ಲಿ ಕೂರಬೇಕಾದ ಕೋಷ್ಟಕವನ್ನು ಮೊದಲೇ ಬರೆದುಕೊಳ್ಳಿ. ಬೆಂಗಳೂರಿನ ಮಂಜೂರಾತಿ ನಕ್ಷೆಗಳಲ್ಲಿ ‘ಸ್ಕೆಡ್ಯೂಲ್ ಆಫ್ ಜಾಯಿನರಿ’ ಎಂಬ ಕೋಷ್ಟಕ ನೋಡಿರುತ್ತೀರಿ: ಹೆಸರು, ಉದ್ದ, ಎತ್ತರ, ಸಂಖ್ಯೆ. ಸೈಟಿಗೆ ಹೋಗುವ ನಕ್ಷೆಗೆ ಇಷ್ಟು ಸಾಲದು. ಬಗೆ, ಮರ ಅಥವಾ ಯುಪಿವಿಸಿ, ಕಿಟಕಿಯಾದರೆ ಸಿಲ್ ಎತ್ತರ (ನೆಲದಿಂದ ಕಿಟಕಿಯ ಕೆಳ ಅಂಚಿಗೆ), ಇವೂ ಬೇಕು.

ಮನೆ ಕೆಲಸಕ್ಕೆ ನಾನು ಬಳಸುವ ಸಾಲುಗಳು ಹೀಗಿವೆ, ಎಲ್ಲವೂ ಮಿಲಿಮೀಟರ್‌ನಲ್ಲಿ:

ಎಂಡಿ: 1050 × 2100, ಹೆಬ್ಬಾಗಿಲು
ಡಿ1: 900 × 2100, ಕೋಣೆ
ಡಿ2: 750 × 2100, ಬಚ್ಚಲು
ಡಬ್ಲ್ಯು1: 1500 × 1350, ಸಿಲ್ 750
ಡಬ್ಲ್ಯು2: 1200 × 1200, ಸಿಲ್ 900
ವಿ: 600 × 600, ವೆಂಟಿಲೇಟರ್, ಸಿಲ್ 1500

ಕಿಟಕಿಯ ಸಾಲುಗಳಲ್ಲಿ ಸಿಲ್‌ಗೆ ಎತ್ತರ ಕೂಡಿಸಿ ನೋಡಿ, ಎಲ್ಲದಕ್ಕೂ 2100 ಬರುತ್ತದೆ. ಲಿಂಟಲ್ (ತೆರವಿನ ಮೇಲಿನ ತೊಲೆ) ಒಂದೇ ಮಟ್ಟದಲ್ಲಿ ಹೋಗುವ ಮನೆಗೆ ಹಾಗೆಯೇ ಬರಬೇಕು. ಬರದಿದ್ದರೆ ತಪ್ಪು ಎಲ್ಲಿದೆ ಎಂದು ಈಗಲೇ ಹುಡುಕಿ.

ಅಳತೆ ಯಾವುದರದು ಎಂಬುದನ್ನೂ ಇಲ್ಲಿಯೇ ತೀರ್ಮಾನಿಸಿ. ಗೋಡೆಯಲ್ಲಿ ಬಿಡುವ ತೆರವಿನ ಅಳತೆಯೋ, ಚೌಕಟ್ಟಿನ ಒಳಗಿನದೋ, ಕದದ್ದೋ? ನಾನು ಯಾವಾಗಲೂ ಗೋಡೆಯ ತೆರವನ್ನೇ ಕೊಡುತ್ತೇನೆ, ಪಟ್ಟಿಯ ಕೆಳಗೆ ಹಾಗೆಂದು ಒಂದು ಸಾಲು ಬರೆಯುತ್ತೇನೆ. ಆ ಸಾಲು ಇಲ್ಲದ ನಕ್ಷೆಯನ್ನು ಮೇಸ್ತ್ರಿ ಒಂದು ಥರ ಓದುತ್ತಾನೆ, ಬಡಗಿ ಇನ್ನೊಂದು ಥರ.

## 2. ಯೂನಿಟ್, ಲೇಯರ್, ಮೂಲಬಿಂದು

‘ಇನ್ಸ್‌ಯುನಿಟ್ಸ್’ ಎಂದು ಟೈಪ್ ಮಾಡಿ 4 ಕೊಡಿ. 4 ಎಂದರೆ ಮಿಲಿಮೀಟರ್, 1 ಎಂದರೆ ಇಂಚು. ಬ್ಲಾಕಿನಲ್ಲಿ ಇಂಚು, ಮುಖ್ಯ ಫೈಲಿನಲ್ಲಿ ಮಿಲಿಮೀಟರ್ ಇದ್ದರೆ ಆಟೋಕ್ಯಾಡ್ ತಾನೇ 25.4ರಿಂದ ಗುಣಿಸಿಬಿಡುತ್ತದೆ. ಇಪ್ಪತ್ತೈದು ಪಟ್ಟಿನ ಬಾಗಿಲು ಬರುವುದು ಇದರಿಂದ. ಅದನ್ನು ‘ಸ್ಕೇಲ್’ ಆಜ್ಞೆಯಿಂದ ಕುಗ್ಗಿಸಿ ಮುಂದುವರಿಯುವವರನ್ನು ಬಹಳ ನೋಡಿದ್ದೇನೆ. ಕಣ್ಣಿಗೆ ಸರಿ ಕಾಣುತ್ತದೆ, ಮೂಲದ ದೋಷ ಮಾತ್ರ ಹಾಗೆಯೇ ಉಳಿದು ಮುಂದಿನ ಬ್ಲಾಕಿನಲ್ಲಿ ಮತ್ತೆ ಕಾಡುತ್ತದೆ. ಯೂನಿಟ್ಟನ್ನೇ ಸರಿಪಡಿಸಿ.

ಬ್ಲಾಕಿನೊಳಗಿನ ಎಲ್ಲ ಗೆರೆಗಳೂ ಲೇಯರ್ 0ಯಲ್ಲಿ ಇರಲಿ, ಬಣ್ಣ ‘ಬೈಲೇಯರ್’ ಇರಲಿ. ಆಗ ಬ್ಲಾಕನ್ನು ಯಾವ ಲೇಯರ್‌ನಲ್ಲಿ ಇಟ್ಟರೂ ಅದರ ಬಣ್ಣ, ದಪ್ಪ ತಾಳುತ್ತದೆ. ಟ್ಯಾಗ್ ಅಕ್ಷರಕ್ಕೆ ಮಾತ್ರ ಪ್ರತ್ಯೇಕ ಲೇಯರ್ ಕೊಡಿ. ಎಲೆಕ್ಟ್ರಿಕಲ್, ಪ್ಲಂಬಿಂಗ್ ನಕ್ಷೆಗಳಿಗೆ ಅದೇ ಪ್ಲಾನ್ ಕೊಡುವಾಗ ಟ್ಯಾಗುಗಳನ್ನು ಒಂದೇ ಏಟಿಗೆ ಫ್ರೀಜ್ ಮಾಡಿ ಮರೆಮಾಡಬಹುದು.

## 3. ಬಾಗಿಲ ಗೆರೆಗಳು

‘ಬಿಎಡಿಟ್’ ಕೊಟ್ಟು ಹೊಸ ಹೆಸರು ಹಾಕಿ ಬ್ಲಾಕ್ ಎಡಿಟರ್ ಒಳಗೆ ಹೋಗಿ. ಇಲ್ಲಿ 0,0 ಎಂದರೆ ಬ್ಲಾಕಿನ ಮೂಲಬಿಂದು. ತೆರವಿನ ಎಡ ಮೂಲೆ ಅಲ್ಲಿಗೆ ಬರಲಿ.

ಎರಡು ಜಾಂಬ್ ಗೆರೆ (ತೆರವಿನ ಎರಡು ಪಕ್ಕದ ಅಂಚು): ಒಂದು 0ಯಲ್ಲಿ, ಇನ್ನೊಂದು 900ರಲ್ಲಿ, ಎರಡೂ ಕೆಳಮುಖವಾಗಿ ಗೋಡೆಯ ದಪ್ಪದಷ್ಟು, 230 ಉದ್ದ. ಕದ: ಮೂಲಬಿಂದುವಿನಿಂದ ಮೇಲಕ್ಕೆ, 35 ದಪ್ಪ, 900 ಉದ್ದದ ಆಯತ. ಕಾಲುವೃತ್ತ: ಕೇಂದ್ರ 0,0, ತ್ರಿಜ್ಯ 900.

ಇಲ್ಲಿ ಚೌಕಟ್ಟನ್ನೂ ಬಿಡಿಸಬೇಕೆಂದು ಆಸೆಯಾಗುತ್ತದೆ. ಬೇಡ ಎನ್ನುತ್ತೇನೆ, ಕಾರಣ ಲೆಕ್ಕದಲ್ಲಿದೆ. ಎರಡು ಕಡೆ 65ರ ಚೌಕಟ್ಟು ಬಿಟ್ಟರೆ 900ರ ತೆರವಿನಲ್ಲಿ ಕದ 770. ತೆರವನ್ನು 750ಕ್ಕೆ ಇಳಿಸಿದಾಗ ಕದ 620 ಆಗಬೇಕು. ಆದರೆ ವೃತ್ತ ಅನುಪಾತದಲ್ಲಿ ಕುಗ್ಗುತ್ತದೆ: 770ನ್ನು 750ರಿಂದ ಗುಣಿಸಿ 900ರಿಂದ ಭಾಗಿಸಿದರೆ 641.7. ಕದದ ತುದಿಗೂ ವೃತ್ತದ ತುದಿಗೂ ಸುಮಾರು 22 ಮಿಮೀ ಅಂತರ ಬೀಳುತ್ತದೆ. 1:100 ಮತ್ತು 1:50 ಪ್ಲಾನ್‌ಗಳಿಗೆ ತೆರವಿನ ಅಂಚಿನಿಂದ ಅಂಚಿಗೆ ಬಿಡಿಸಿದ ಚಿಹ್ನೆ ಸಾಕು. ಚೌಕಟ್ಟಿನ ಜಾಗ ದೊಡ್ಡ ಅಳತೆಯ ವಿವರ ನಕ್ಷೆ.

ಗೋಡೆಯ ಗೆರೆ ಮುಚ್ಚಲು ಬ್ಲಾಕಿನೊಳಗೆ ವೈಪ್‌ಔಟ್ ಇಡುವ ಅಭ್ಯಾಸವೂ ನನಗೆ ಒಪ್ಪಿಗೆಯಿಲ್ಲ. ಗೋಡೆ ಕೆಳಗೆ ಕತ್ತರಿಸದೆ ಉಳಿದಿರುತ್ತದೆ. ಗೋಡೆಯ ಉದ್ದವನ್ನು ಎಸ್ಟಿಮೇಟ್‌ಗೆ ಅಳೆಯುವಾಗ ತೆರವು ಇಲ್ಲವೆಂದೇ ಲೆಕ್ಕ ಬರುತ್ತದೆ. ಟ್ರಿಮ್ ಮಾಡುವ ಶ್ರಮ ಒಂದೇ ಸಲದ್ದು.

## 4. ಗುರುತಿಗೆ ಆಟ್ರಿಬ್ಯೂಟ್

ಎಡಿಟರ್ ಒಳಗಿದ್ದುಕೊಂಡೇ ‘ಅಟ್‌ಡೆಫ್’ ಕೊಡಿ. ಮೊದಲ ಪಟ್ಟಿಯ ಒಂದೊಂದು ಕಾಲಮ್ಮಿಗೆ ಒಂದೊಂದು ಆಟ್ರಿಬ್ಯೂಟ್ (ಬ್ಲಾಕಿನೊಡನೆ ಇರುವ, ತಿದ್ದಬಹುದಾದ ಮಾಹಿತಿ): ಗುರುತು, ಎತ್ತರ, ಬಗೆ. ಅಗಲ ಮಾತ್ರ ಬೇಡ, ಅದು ಮುಂದಿನ ಹಂತದಲ್ಲಿ ಪ್ಯಾರಾಮೀಟರ್ ಆಗಿ ಬರುತ್ತದೆ. ಟ್ಯಾಗ್ ಹೆಸರಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ.

ಮೋಡ್‌ಗಳಲ್ಲಿ ಎಡವುವವರು ಬಹಳ. ಗುರುತು ಕಾಣಬೇಕು, ಆದ್ದರಿಂದ ‘ಇನ್‌ವಿಸಿಬಲ್’ ಬೇಡ. ಎತ್ತರ ಮತ್ತು ಬಗೆ ಪಟ್ಟಿಗೆ ಮಾತ್ರ ಬೇಕು, ಅವಕ್ಕೆ ‘ಇನ್‌ವಿಸಿಬಲ್’ ಹಾಕಿ. ಮೂರಕ್ಕೂ ‘ಪ್ರೀಸೆಟ್’ ಹಾಕಿ. ಆಗ ಪ್ರತಿ ಸಲ ಬ್ಲಾಕ್ ಇಡುವಾಗ ಬೆಲೆ (ವ್ಯಾಲ್ಯೂ) ಕೇಳುವುದಿಲ್ಲ, ಟೈಪ್ ಮಾಡುವಾಗಿನ ತಪ್ಪಿಗೂ ದಾರಿಯಿರುವುದಿಲ್ಲ. ‘ಕಾನ್‌ಸ್ಟಂಟ್’ ಎಂದೂ ಬೇಡ. ‘ಲಾಕ್ ಪೊಸಿಷನ್’ ಮರೆಯಬೇಡಿ, ಲಾಕ್ ಆಗದ ಆಟ್ರಿಬ್ಯೂಟನ್ನು ಡೈನಮಿಕ್ (ಇಟ್ಟ ಮೇಲೂ ಅಳತೆ ಬದಲಿಸಬಲ್ಲ) ಬ್ಲಾಕಿನ ಆ್ಯಕ್ಷನ್‌ಗಳು ಸೇರಿಸಿಕೊಳ್ಳುವುದಿಲ್ಲ.

ಅಕ್ಷರದ ಎತ್ತರ: ಕಾಗದದ ಮೇಲೆ 2.5 ಮಿಮೀ ಬೇಕೆಂದರೆ 1:100ಕ್ಕೆ 250, 1:50ಕ್ಕೆ 125.

ಬಗೆಯ ಕಾಲಮ್ಮಿನಲ್ಲಿ ಕನ್ನಡ ಬೇಕೆನ್ನುವವರಿಗೆ ಒಂದು ಮಾತು. ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ ಕನ್ನಡ ಮೂಡದೆ ಪ್ರಶ್ನೆಚಿಹ್ನೆಗಳು ಬರುತ್ತವೆ. ಟೆಕ್ಸ್ಟ್ ಸ್ಟೈಲನ್ನು ತುಂಗಾ ಅಥವಾ ನಿರ್ಮಲಾ ಯುಐಗೆ ಬದಲಿಸಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಪ್ರಿಂಟಿನಲ್ಲೇ ನೋಡಿ. ನಕ್ಷೆಯ ಕೊನೆಯ ಓದುಗರು ಮೇಸ್ತ್ರಿ, ಬಡಗಿ. ಅವರಿಗೆ ಓದಲು ಬರುವ ಭಾಷೆಯಲ್ಲಿ ಷರಾ ಇರುವುದು ನನಗೆ ಮುಖ್ಯವೆನಿಸುತ್ತದೆ.

## 5. ಪ್ಯಾರಾಮೀಟರ್ ಮತ್ತು ಆ್ಯಕ್ಷನ್

ಹೆಚ್ಚಿನವರು ಕೈಚೆಲ್ಲುವುದು ಇಲ್ಲಿ. ಪ್ಯಾರಾಮೀಟರ್ ಎಂದರೆ ಬದಲಾಗಬಲ್ಲ ಅಳತೆ ಅಥವಾ ಜಾಗ, ಆ್ಯಕ್ಷನ್ ಎಂದರೆ ಅದು ಬದಲಾದಾಗ ಗೆರೆಗಳು ಏನು ಮಾಡಬೇಕು ಎಂಬುದು. ನಿಧಾನವಾಗಿ, ಒಂದೊಂದೇ ಹಾಕಿ ನೋಡುತ್ತಾ ಹೋಗಿ.

ಅಗಲ. 0,0ರಿಂದ 900,0ಕ್ಕೆ ಲೀನಿಯರ್ ಪ್ಯಾರಾಮೀಟರ್ ಹಾಕಿ. ಅದರ ಹೆಸರು ‘ಡಿಸ್ಟನ್ಸ್1’ ಎಂದು ಬಂದಿರುತ್ತದೆ, ಪ್ರಾಪರ್ಟೀಸ್‌ನಲ್ಲಿ ಕೂಡಲೇ ‘ಅಗಲ’ ಎಂಬರ್ಥದ ಹೆಸರು ಕೊಡಿ. ಪಟ್ಟಿ ತೆಗೆಯುವಾಗ ಇದೇ ಹೆಸರು ಕಾಲಮ್ಮಿನ ತಲೆಯಲ್ಲಿ ಬರುತ್ತದೆ. ಇದಕ್ಕೆ ಮೂರು ಆ್ಯಕ್ಷನ್ ಬೇಕು.

ಮೊದಲನೆಯದು ಬಲ ಜಾಂಬ್‌ಗೆ ಮೂವ್, 900ರ ತುದಿಗೆ ಕಟ್ಟಿ. ಎರಡನೆಯದು ಕದಕ್ಕೆ ಸ್ಟ್ರೆಚ್, ಕದದ ಮೇಲ್ತುದಿ ಮಾತ್ರ ಆಯ್ಕೆಯ ಚೌಕದೊಳಗೆ ಬರುವಂತೆ. ತೆರವು ಅಡ್ಡಕ್ಕೆ ಹಿಗ್ಗಿದಾಗ ಕದ ಮೇಲಕ್ಕೆ ಹಿಗ್ಗಬೇಕಲ್ಲ? ಅದಕ್ಕೆ ಈ ಆ್ಯಕ್ಷನ್ನಿನ ಪ್ರಾಪರ್ಟೀಸ್‌ನಲ್ಲಿ ‘ಆ್ಯಂಗಲ್ ಆಫ್‌ಸೆಟ್’ 90 ಕೊಡಿ. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಜನ ಕದಕ್ಕೂ ಸ್ಕೇಲ್ ಹಾಕುತ್ತಾರೆ, ಆಗ 35ರ ಕದ ಹೆಬ್ಬಾಗಿಲಿನಲ್ಲಿ 40 ಮೀರಿ ದಪ್ಪಗಾಗುತ್ತದೆ. ಮೂರನೆಯದು ಕಾಲುವೃತ್ತಕ್ಕೆ ಸ್ಕೇಲ್. ವೃತ್ತಕ್ಕೆ ಸ್ಟ್ರೆಚ್ ಹಾಕಿದರೆ ಅದು ವಕ್ರವಾಗುತ್ತದೆ, ಹಾಕಬೇಡಿ.

ದಪ್ಪ. ಗೋಡೆ ಒಂದೇ ದಪ್ಪದ್ದಿರುವುದಿಲ್ಲ. 0,0ರಿಂದ ಕೆಳಕ್ಕೆ 230ರ ಲೀನಿಯರ್ ಪ್ಯಾರಾಮೀಟರ್ ಹಾಕಿ, ಎರಡೂ ಜಾಂಬ್‌ಗಳ ಕೆಳತುದಿಗೆ ಸ್ಟ್ರೆಚ್ ಕೊಡಿ. ‘ವ್ಯಾಲ್ಯೂ ಸೆಟ್’ನಲ್ಲಿ ‘ಲಿಸ್ಟ್’ ಆರಿಸಿ ಇಟ್ಟಿಗೆಗೆ 115, 230, ಸಾಲಿಡ್ ಬ್ಲಾಕಿಗೆ 100, 150, 200 ತುಂಬಿ.

ಫ್ಲಿಪ್. ಎರಡು ಬೇಕು: ಕದ ಎಡಕ್ಕೋ ಬಲಕ್ಕೋ, ಒಳಕ್ಕೋ ಹೊರಕ್ಕೋ. ಎಡ-ಬಲದ ಕನ್ನಡಿ ಗೆರೆ ತೆರವಿನ ನಡುವೆ, 450ರಲ್ಲಿ. ಒಳ-ಹೊರದ್ದು ಗೋಡೆಯ ನಡುವೆ, 115ರಲ್ಲಿ. ಗೆರೆಗಳ ಜೊತೆಗೆ ಅಗಲ, ದಪ್ಪದ ಪ್ಯಾರಾಮೀಟರ್‌ಗಳನ್ನೂ ಆರಿಸಿ, ಗುರುತಿನ ಆಟ್ರಿಬ್ಯೂಟನ್ನು ಮಾತ್ರ ಬಿಟ್ಟುಬಿಡಿ.

ಈಗ ಬಹುತೇಕ ಎಲ್ಲರೂ ಬಿಟ್ಟುಬಿಡುವ ಒಂದು ಕೆಲಸ. ಅಗಲವನ್ನು 750ಕ್ಕೆ ಇಳಿಸಿದರೂ ಕನ್ನಡಿ ಗೆರೆ ಹಳೆಯ 450ರಲ್ಲೇ ನಿಂತಿರುತ್ತದೆ. ಆಗ ಫ್ಲಿಪ್ ಒತ್ತಿದರೆ ಬಾಗಿಲು ತೆರವಿನಿಂದ 150 ಮಿಮೀ ಆಚೆಗೆ ಹಾರುತ್ತದೆ. ಪರಿಹಾರ: ಅಗಲಕ್ಕೆ ಇನ್ನೊಂದು ಮೂವ್ ಆ್ಯಕ್ಷನ್ ಹಾಕಿ, ಎಡ-ಬಲದ ಫ್ಲಿಪ್ ಪ್ಯಾರಾಮೀಟರನ್ನೇ ಆರಿಸಿ, ‘ಡಿಸ್ಟನ್ಸ್ ಮಲ್ಟಿಪ್ಲೈಯರ್’ 0.5 ಕೊಡಿ. ದಪ್ಪಕ್ಕೂ, ಒಳ-ಹೊರದ ಫ್ಲಿಪ್ಪಿಗೂ ಅದೇ 0.5.

ಗುರುತಿನ ಜಾಗ. ಅಕ್ಷರದ ಪಕ್ಕ ಒಂದು ಪಾಯಿಂಟ್ ಪ್ಯಾರಾಮೀಟರ್, ಅದಕ್ಕೆ ಮೂವ್ ಆ್ಯಕ್ಷನ್. ಡಿ1 ಎಂಬುದು ಕಾಲುವೃತ್ತದ ಮೇಲೆ ಬಿದ್ದರೆ ಗ್ರಿಪ್ (ಬ್ಲಾಕ್ ಆರಿಸಿದಾಗ ಕಾಣುವ ಹಿಡಿ) ಹಿಡಿದು ಸರಿಸಬಹುದು.

## 6. ಗುರುತನ್ನೂ ಅಳತೆಯನ್ನೂ ಒಟ್ಟಿಗೆ ಕಟ್ಟುವುದು

‘ಬಿಟೇಬಲ್’ ಕೊಟ್ಟು ಒಂದು ಜಾಗ ಒತ್ತಿ, ಗ್ರಿಪ್ ಸಂಖ್ಯೆ 1 ಎಂದು ಕೊಡಿ. ತೆರೆಯುವ ಕೋಷ್ಟಕಕ್ಕೆ ಗುರುತು, ಅಗಲ, ಎತ್ತರ, ಬಗೆ ಈ ನಾಲ್ಕನ್ನೂ ಕಾಲಮ್ಮಾಗಿ ಸೇರಿಸಿ. ಆಟ್ರಿಬ್ಯೂಟುಗಳನ್ನೂ ಇಲ್ಲಿ ಸೇರಿಸಬಹುದು ಎಂಬುದೇ ಈ ಇಡೀ ವಿಧಾನದ ಬೆನ್ನೆಲುಬು. ಮೊದಲ ಹಂತದಲ್ಲಿ ಬರೆದ ಬಾಗಿಲಿನ ಸಾಲುಗಳನ್ನು ಹಾಗೆಯೇ ತುಂಬಿ.

ಕೆಳಗೆ ‘ಬ್ಲಾಕ್ ಪ್ರಾಪರ್ಟೀಸ್ ಮಸ್ಟ್ ಮ್ಯಾಚ್ ಎ ರೋ’ ಎಂಬ ಚೌಕವಿದೆ, ಅದಕ್ಕೆ ಟಿಕ್ ಹಾಕಿ. ಆಡಿಟ್ ಬಟನ್ ಒತ್ತಿ ದೋಷ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅಗಲದ ಪ್ಯಾರಾಮೀಟರ್‌ಗೆ ಗ್ರಿಪ್ ಸಂಖ್ಯೆ 0 ಮಾಡಿ. ಯಾರೋ ಅವಸರದಲ್ಲಿ ಕೈಯಿಂದ ಎಳೆದು 870ರ ಬಾಗಿಲು ಮಾಡುವ ದಾರಿ ಅಲ್ಲಿಗೆ ಮುಚ್ಚಿತು. ಇನ್ನು ಪ್ಲಾನ್‌ನಲ್ಲಿ ಬಾಣದ ಗುರುತು ಒತ್ತಿ ಡಿ2 ಆರಿಸಿದರೆ ತೆರವು 750 ಆಗುತ್ತದೆ, ಎತ್ತರ, ಬಗೆ ಎಲ್ಲವೂ ಜೊತೆಗೆ ಬದಲಾಗುತ್ತವೆ.

ಗುರುತಿನ ಮೇಲೆ ಎರಡು ಸಲ ಕ್ಲಿಕ್ಕಿಸಿ ಕೈಯಿಂದ ತಿದ್ದುವುದನ್ನು ಕಚೇರಿಯಲ್ಲಿ ಎಲ್ಲರೂ ಬಿಡಬೇಕು. ಹೊಸ ಅಳತೆ ಬೇಕಾದರೆ ಕೋಷ್ಟಕಕ್ಕೆ ಹೊಸ ಸಾಲು ಸೇರಿಸಿ, ಹೊಸ ಗುರುತು ಕೊಡಿ.

## 7. ಕಿಟಕಿ ಮತ್ತು ವೆಂಟಿಲೇಟರ್

ಕಿಟಕಿಯಲ್ಲಿ ವೃತ್ತವಿಲ್ಲ, ಕೆಲಸ ಸಲೀಸು. ಜಾಂಬ್ ಎರಡು, ಗೋಡೆಯ ಎರಡೂ ಮುಖಕ್ಕೆ ಒಂದೊಂದು ಗೆರೆ, ನಡುವೆ ಗಾಜಿನ ಗೆರೆ. ಎಲ್ಲಕ್ಕೂ ಸ್ಟ್ರೆಚ್. ಗಾಜಿನ ಗೆರೆ ಗೋಡೆಯ ನಡುವೆಯೇ ಉಳಿಯಲು ದಪ್ಪಕ್ಕೆ 0.5ರ ಮೂವ್. ಸಿಲ್ ಒಂದು ಹೆಚ್ಚುವರಿ ಆಟ್ರಿಬ್ಯೂಟ್.

ವೆಂಟಿಲೇಟರ್ ಬೇರೆಯೇ ಬ್ಲಾಕ್ ಆಗಲಿ. ಪ್ಲಾನ್ ಎಂದರೆ ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಕಟ್ಟಡ ಕತ್ತರಿಸಿ ನೋಡಿದ ನೋಟ. 1500ರ ಸಿಲ್ ಇರುವ ವೆಂಟಿಲೇಟರ್ ಅದಕ್ಕಿಂತ ಮೇಲಿರುವುದರಿಂದ ತುಂಡು ಗೆರೆಯಲ್ಲಿ ಬರಬೇಕು, ಅದರ ಕೆಳಗೆ ಗೋಡೆಯನ್ನು ಕತ್ತರಿಸಬಾರದು. 600ರ ಗೆರೆಯಲ್ಲಿ ತುಂಡುಗಳು ಕಾಣದೆ ಇಡೀ ಗೆರೆ ಬಂದರೆ ಲೈನ್‌ಟೈಪ್ ಸ್ಕೇಲ್ ತೀರಾ ದೊಡ್ಡದಾಗಿದೆ ಇಲ್ಲವೇ ತೀರಾ ಚಿಕ್ಕದಾಗಿದೆ ಎಂದರ್ಥ.

## 8. ಪರೀಕ್ಷೆ

ಎಡಿಟರ್ ಒಳಗಿಂದಲೇ ‘ಬಿಟೆಸ್ಟ್‌ಬ್ಲಾಕ್’ ಕೊಡಿ. ಕೋಷ್ಟಕದ ಪ್ರತಿ ಸಾಲನ್ನೂ ಆರಿಸಿ, ಪ್ರತಿ ಸಾಲಿನಲ್ಲೂ ಎರಡೂ ಫ್ಲಿಪ್ ಒತ್ತಿ. ಕದದ ತುದಿ ವೃತ್ತದ ತುದಿಗೆ ಕೂಡಿಲ್ಲವೆಂದರೆ ಆ್ಯಂಗಲ್ ಆಫ್‌ಸೆಟ್ ತಪ್ಪಿದೆ. ಫ್ಲಿಪ್ಪಿನಲ್ಲಿ ಬಾಗಿಲು ಹಾರಿದರೆ 0.5 ಮರೆತಿದ್ದೀರಿ. ಹಳದಿ ಬಣ್ಣದ ಎಚ್ಚರಿಕೆ ಚಿಹ್ನೆ ಕಂಡರೆ ಯಾವುದೋ ಪ್ಯಾರಾಮೀಟರ್‌ಗೆ ಆ್ಯಕ್ಷನ್ನೇ ಇಲ್ಲ.

ಆಮೇಲೆ ನಿಜವಾದ ಪ್ಲಾನ್‌ನಲ್ಲಿ ಇಟ್ಟು ನೋಡಿ. ಬ್ಲಾಕನ್ನು 0 ಅಥವಾ 90 ಡಿಗ್ರಿಯಲ್ಲಿ ಮಾತ್ರ ಇಡಿ, ಮಿಕ್ಕ ದಿಕ್ಕುಗಳಿಗೆ ಫ್ಲಿಪ್ ಬಳಸಿ. ಆಗ ಗುರುತು ನಕ್ಷೆಯ ಕೆಳಗಿನಿಂದಲೋ ಬಲದಿಂದಲೋ ಓದುವಂತೆಯೇ ಇರುತ್ತದೆ, ತಲೆಕೆಳಗಾಗುವುದಿಲ್ಲ.

ಇಡೀ ಮನೆಯನ್ನು ಮಿರರ್ ಮಾಡುವ ಸಂದರ್ಭ ಬೇರೆ. ‘ಮಿರ್‌ಟೆಕ್ಸ್ಟ್’ 0 ಇದ್ದರೆ ಆಟ್ರಿಬ್ಯೂಟ್ ಅಕ್ಷರ ಓದಲು ಬರುವಂತೆ ಉಳಿಯುತ್ತದೆ. ಆದರೆ ಬ್ಲಾಕಿನೊಳಗೆ ಬರಿಯ ಟೆಕ್ಸ್ಟ್ ಆಗಿ ಬರೆದದ್ದು ಮತ್ತು ‘ಕಾನ್‌ಸ್ಟಂಟ್’ ಆಟ್ರಿಬ್ಯೂಟ್ ‘ಮಿರ್‌ಟೆಕ್ಸ್ಟ್’ ಬೆಲೆ ಏನಿದ್ದರೂ ತಿರುಗುಮುರುಗಾಗುತ್ತದೆ. ತಿರುಗಿದ ಅಕ್ಷರ ಕಂಡರೆ ಅದು ಆಟ್ರಿಬ್ಯೂಟ್ ಹೌದೇ ಎಂದು ಮೊದಲು ನೋಡಿ.

## 9. ಒಂದೇ ಪ್ಲಾನ್, ಎರಡು ಸ್ಕೇಲ್

1:100ಕ್ಕೆ ಮಾಡಿದ್ದನ್ನು ಪೂರ್ತಿಯಾಗಿ 1:50ಕ್ಕೆ ಬದಲಿಸುವುದಾದರೆ ‘ಬ್ಯಾಟ್‌ಮ್ಯಾನ್’ ತೆರೆದು ಗುರುತಿನ ಎತ್ತರವನ್ನು 250ರಿಂದ 125ಕ್ಕೆ ಇಳಿಸಿ, ಇರುವ ಬ್ಲಾಕುಗಳೆಲ್ಲ ಒಟ್ಟಿಗೆ ಬದಲಾಗುತ್ತವೆ. ಬಾಗಿಲ ಬ್ಲಾಕಿಗೆ ‘ಅನೊಟೇಟಿವ್’ ಎಂದು ಟಿಕ್ ಹಾಕುವ ತಪ್ಪು ಮಾತ್ರ ಮಾಡಬೇಡಿ. ಬಾಗಿಲು ನಿಜವಾದ ಅಳತೆಯ ವಸ್ತು, ಅದು ಸ್ಕೇಲ್ ಬದಲಾದಂತೆ ಹಿಗ್ಗಿ ಕುಗ್ಗಬಾರದು.

## 10. ಹಳೆಯ ಫೈಲುಗಳಿಗೆ ತಲುಪಿಸುವುದು

ಬ್ಲಾಕುಗಳನ್ನು ಒಂದೇ ಲೈಬ್ರರಿ ಫೈಲಿನಲ್ಲಿಡಿ, ಟೂಲ್ ಪ್ಯಾಲೆಟ್‌ಗೆ ಅಲ್ಲಿಂದ ಎಳೆದುಕೊಳ್ಳಿ.

ಹೊಸ ಬ್ಲಾಕನ್ನು ಕಾಪಿ ಮಾಡಿ ಹಳೆಯ ಫೈಲಿನಲ್ಲಿ ಪೇಸ್ಟ್ ಮಾಡಿದರೆ ಹಳೆಯದೇ ಬರುತ್ತದೆ. ಅದೇ ಹೆಸರಿನ ಬ್ಲಾಕ್ ಅಲ್ಲಿ ಮೊದಲೇ ಇದ್ದರೆ ಆ ಫೈಲಿನ ವ್ಯಾಖ್ಯೆಯೇ ಗೆಲ್ಲುತ್ತದೆ. ಡಿಸೈನ್ ಸೆಂಟರ್ ತೆರೆದು ಬ್ಲಾಕಿನ ಮೇಲೆ ಬಲ ಕ್ಲಿಕ್ ಮಾಡಿ ‘ರೀಡಿಫೈನ್ ಓನ್ಲಿ’ ಕೊಡಿ. ಹೊಸದಾಗಿ ಸೇರಿಸಿದ ಆಟ್ರಿಬ್ಯೂಟುಗಳು ಹಳೆಯ ಬ್ಲಾಕುಗಳಲ್ಲಿ ಕಾಣಬೇಕಾದರೆ ಆಮೇಲೆ ‘ಅಟ್‌ಸಿಂಕ್’ ಬೇಕು. ಅದು ಬೆಲೆಗಳನ್ನು ಉಳಿಸುತ್ತದೆ, ಆದರೆ ಒಂದೊಂದಾಗಿ ಕೈಯಿಂದ ಬದಲಿಸಿದ ಅಕ್ಷರದ ರೂಪ, ಜಾಗ ಎಲ್ಲವನ್ನೂ ಅಳಿಸಿ ಮೂಲಕ್ಕೆ ತರುತ್ತದೆ, ಡೈನಮಿಕ್ ಬ್ಲಾಕುಗಳ ಮೇಲೂ ಪರಿಣಾಮ ಆಗಬಹುದು. ಫೈಲಿನ ನಕಲು ಇಟ್ಟುಕೊಳ್ಳದೆ ಮಾಡಬೇಡಿ.

## 11. ಪಟ್ಟಿ ತೆಗೆಯುವುದು

‘ಡೇಟಾ ಎಕ್ಸ್‌ಟ್ರಾಕ್ಷನ್’ ಆಜ್ಞೆ ಕೊಡಿ. ಮೊದಲ ಪುಟದ ನಂತರ ‘ಸೆಟ್ಟಿಂಗ್ಸ್’ ಒತ್ತಿ ‘ಆಬ್ಜೆಕ್ಟ್ಸ್ ಇನ್ ಮಾಡೆಲ್ ಸ್ಪೇಸ್’ ಆರಿಸಿ. ಮಾದರಿಗೆಂದು ಶೀಟಿನ ಮೂಲೆಯಲ್ಲಿಟ್ಟ ಬಾಗಿಲೂ ಎಣಿಕೆಗೆ ಸೇರಿಕೊಳ್ಳುವುದು ಇದನ್ನು ಮರೆತಾಗ. ಮುಂದೆ ಬಾಗಿಲು, ಕಿಟಕಿ, ವೆಂಟಿಲೇಟರ್ ಬ್ಲಾಕುಗಳಿಗೆ ಮಾತ್ರ ಟಿಕ್ ಬಿಡಿ, ಗುಣಗಳಲ್ಲಿ ಗುರುತು, ಅಗಲ, ಎತ್ತರ, ಸಿಲ್, ಬಗೆ ಮಾತ್ರ ಇಟ್ಟುಕೊಳ್ಳಿ. ಒಂದೇ ತೆರನಾದ ಸಾಲುಗಳನ್ನು ಕೂಡಿಸುವ ಆಯ್ಕೆ ಹಾಕಿದರೆ ಪಕ್ಕದಲ್ಲಿ ಎಣಿಕೆ ಬರುತ್ತದೆ. ಟೇಬಲ್ ಆಗಿ ನಕ್ಷೆಯಲ್ಲೇ ಇಡಿ.

ಈ ಪಟ್ಟಿ ತಪ್ಪನ್ನೂ ತೋರಿಸಿಕೊಡುತ್ತದೆ. ಡಿ1 ಎಂಬ ಗುರುತು ಎರಡು ಸಾಲುಗಳಲ್ಲಿ ಬಂದಿದ್ದರೆ ಯಾರೋ ಕೈಯಿಂದ ತಿದ್ದಿದ್ದಾರೆ. ಬಾಗಿಲ ಸಂಖ್ಯೆ ಹೆಚ್ಚಾಗಿದ್ದರೆ ಒಂದರ ಮೇಲೊಂದು ಬ್ಲಾಕ್ ಕೂತಿರಬಹುದು. ಕಡಿಮೆಯಾಗಿದ್ದರೆ ಯಾರೋ ಬ್ಲಾಕನ್ನು ಎಕ್ಸ್‌ಪ್ಲೋಡ್ ಮಾಡಿದ್ದಾರೆ. ನಕ್ಷೆ ಬದಲಾದಾಗ ಟೇಬಲ್ ತಾನಾಗಿ ಬದಲಾಗುತ್ತದೆಂದು ನಂಬಬೇಡಿ. ಪ್ರಿಂಟ್ ತೆಗೆಯುವ ಮುನ್ನ ಟೇಬಲ್ಲಿನ ಮೇಲೆ ಬಲ ಕ್ಲಿಕ್ ಮಾಡಿ ಡೇಟಾ ಲಿಂಕ್ ಅಪ್‌ಡೇಟ್ ಕೊಡಿ.

ಅಪಾರ್ಟ್‌ಮೆಂಟ್ ಕೆಲಸದಲ್ಲಿ ಟಿಪಿಕಲ್ ಫ್ಲೋರ್ ಒಮ್ಮೆ ಮಾತ್ರ ಬಿಡಿಸಿರುತ್ತೀರಿ. ಆಟೋಕ್ಯಾಡ್ ಎಣಿಸುವುದೂ ಒಂದೇ ಮಹಡಿಯನ್ನು. ಹಾಗಾಗಿ ಮಹಡಿಗೊಂದು ಪಟ್ಟಿ ತೆಗೆದು ಗುಣಿಸಿ, ಎಷ್ಟರಿಂದ ಗುಣಿಸಿದ್ದೀರಿ ಎಂಬುದನ್ನು ಪಟ್ಟಿಯ ತಲೆಯಲ್ಲೇ ಬರೆಯಿರಿ. ಬಡಗಿಗೆ ಕಳಿಸುವ ಮೊದಲು ಒಂದು ಪ್ರಿಂಟ್ ತೆಗೆದು, ಕೋಣೆಯಿಂದ ಕೋಣೆಗೆ ಹೋಗುತ್ತಾ ಪ್ರತಿ ಬಾಗಿಲು ಕಿಟಕಿಗೂ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡಿ, ಚುಕ್ಕೆಗಳನ್ನು ಎಣಿಸಿ ಪಟ್ಟಿಯೊಂದಿಗೆ ತಾಳೆ ನೋಡಿ.